ಬ್ರೆಸನ್ ಸಿನಿಮಾದಲ್ಲಿ ಯಾರೂ ನಟಿಸುವುದೇ ಇಲ್ಲ, ಯಾಕೆ?

ಸುಮ್ನೆ_ನೋಡುವವ

ಭಾನುವಾರ ರಾತ್ರಿ ‘ಪಿಕ್‌ಪಾಕೆಟ್’ ನೋಡಿದೆ. 1959ರ ಫ್ರೆಂಚ್ ಸಿನಿಮಾ. ನಿರ್ದೇಶಕ ರೊಬೇರ್ ಬ್ರೆಸನ್. ಇರುವುದೇ 75 ನಿಮಿಷ. ಅಷ್ಟರಲ್ಲಿ ಎರಡು ಸಲ ಗಡಿಯಾರ ನೋಡಿದೆ, ಒಂದು ಸಲ ಎದ್ದು ಹೋಗಿ ನೀರು ಕುಡಿದು ಬಂದೆ.

ಗೇಲಿ ಮಾಡುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ. ಮಿಶೆಲ್ ಅಂತ ಒಬ್ಬ ಜೇಬುಗಳ್ಳ. ತಾಯಿ ಸಾಯುತ್ತಾಳೆ, ಗೆಳೆಯ ಬುದ್ಧಿ ಹೇಳುತ್ತಾನೆ, ಇನ್‌ಸ್ಪೆಕ್ಟರ್ ಬೆನ್ನು ಹತ್ತುತ್ತಾನೆ, ಕೊನೆಗೆ ಜೈಲು. ಇಷ್ಟೆಲ್ಲ ಆದರೂ ಅವನ ಮುಖ ರೇಷನ್ ಅಂಗಡಿ ಕ್ಯೂನಲ್ಲಿ ನಿಂತವನ ಮುಖದ ಹಾಗೇ ಇರುತ್ತದೆ. ಎಲ್ಲರೂ ನೆಲ ನೋಡಿಕೊಂಡು ಮಾತಾಡುತ್ತಾರೆ. ಮಾತೂ ಅಷ್ಟೇ, ಮಗ್ಗಿ ಒಪ್ಪಿಸಿದ ಹಾಗೆ.

ಒಂದು ಮಾತ್ರ ಒಪ್ಪುತ್ತೇನೆ. ಪ್ಯಾರಿಸ್ಸಿನ ಗಾರ್ ದ ಲಿಯೋಂ ರೈಲು ನಿಲ್ದಾಣದಲ್ಲಿ ಮೂವರು ಕಳ್ಳರು ಸೇರಿ ಜೇಬು ಕತ್ತರಿಸುವ ಆ ಭಾಗ ಇದೆಯಲ್ಲ, ಅದನ್ನು ಮೂರು ಸಲ ಹಿಂದೆ ಓಡಿಸಿ ನೋಡಿದೆ. ಕೈಯಿಂದ ಕೈಗೆ ಪರ್ಸು ಹೋಗುವುದು ನೀರು ಹರಿದ ಹಾಗಿದೆ. ಅಷ್ಟು ಗೊತ್ತಿರುವ ಮನುಷ್ಯ ಉಳಿದ ಕಡೆ ಯಾಕೆ ಹೀಗೆ ಮಾಡಿದ? ತಿಳಿದವರು ಹೇಳಿ.

ರೀಲುಪೆಟ್ಟಿಗೆ

ಬೇಸರ ಆಗಿದ್ದರೆ ಸಂಕೋಚ ಬೇಡ. ನಾನು ಇದನ್ನು ಮೊದಲು ನೋಡಿದ್ದು ಫಿಲ್ಮ್ ಸೊಸೈಟಿಯಲ್ಲಿ. ಪಕ್ಕದ ಕುರ್ಚಿಯವರು ಗೊರಕೆ ಹೊಡೆಯುತ್ತಿದ್ದರು. ಅವತ್ತಿನ ಹಿನ್ನೆಲೆ ಸಂಗೀತ ಅದೇ.

ಆದರೆ ನಟನೆ ಬಾರದಿರುವುದು ಬೇರೆ, ನಟನೆಯೇ ಬೇಡ ಅನ್ನುವುದು ಬೇರೆ. ಬ್ರೆಸನ್‌ಗೆ ಒಳ್ಳೆಯ ನಟರು ಸಿಗಲಿಲ್ಲ ಅಂತಲ್ಲ. 1943ರಲ್ಲಿ ಮೊದಲ ಪೂರ್ಣ ಚಿತ್ರ ಮಾಡಿದರು, ಕ್ರೈಸ್ತ ಸನ್ಯಾಸಿನಿಯರ ಕಥೆ. ಅದಕ್ಕೆ ಸಂಭಾಷಣೆ ಬರೆದವರು ನಾಟಕಕಾರ ಜಾನ್ ಜಿರೋದು. 1945ರ ಎರಡನೇ ಚಿತ್ರಕ್ಕೆ ಜಾನ್ ಕೊಕ್ತೊ ಸಂಭಾಷಣೆ, ಮುಖ್ಯ ಪಾತ್ರದಲ್ಲಿ ಮರಿಯಾ ಕಸಾರೆಸ್. ಆ ಕಾಲದ ಘಟಾನುಘಟಿಗಳು ಇವರೆಲ್ಲ. ಆ ಚಿತ್ರ ಈಗ ನೋಡಿದರೂ ಸೊಗಸಾಗಿದೆ. ಕಸಾರೆಸ್ ಹುಬ್ಬು ಎತ್ತಿದರೆ ಸಾಕು, ಮೈ ಜುಮ್ಮೆನ್ನುತ್ತದೆ. ಬ್ರೆಸನ್‌ಗೆ ಬೇಡವಾಗಿದ್ದು ಅದೇ ಹುಬ್ಬು.

ಆಮೇಲೆ ಆರು ವರ್ಷ ಬಿಡುವು. 1951ರಲ್ಲಿ ‘ಡೈರಿ ಆಫ್ ಎ ಕಂಟ್ರಿ ಪ್ರೀಸ್ಟ್’ ಬಂತು. ಬೆರ್ನಾನೋಸ್ ಕಾದಂಬರಿ ಆಧರಿಸಿದ್ದು. ಪಾದ್ರಿಯ ಪಾತ್ರ ಮಾಡಿದ ಕ್ಲೋದ್ ಲೇದು ಕ್ಯಾಮರಾ ಮುಂದೆ ನಿಂತದ್ದು ಅದೇ ಮೊದಲು. ಅಲ್ಲಿಂದ ಮುಂದೆ ವೃತ್ತಿನಟರಿಗೆ ಬಾಗಿಲು ಬಂದ್. ವಿದ್ಯಾರ್ಥಿಗಳು, ಬರಹಗಾರರು, ಪರಿಚಯದವರ ಮಕ್ಕಳು, ಹೀಗೆ ಯಾರ್ಯಾರನ್ನೋ ಕರೆದು ತಂದರು. ಅವರನ್ನು ನಟರು ಅಂತ ಕರೆಯಲಿಲ್ಲ, ‘ಮಾಡೆಲ್’ ಅಂದರು.

ಈ ಪದವನ್ನು ಸ್ವಲ್ಪ ಗಮನಿಸಿ. ಬ್ರೆಸನ್ ಮೂಲತಃ ಚಿತ್ರಕಾರ. 1901ರಲ್ಲಿ ಫ್ರಾನ್ಸಿನ ನಡುಭಾಗದ ಬ್ರೊಮೋಂ-ಲಾಮೋತ್ ಅನ್ನುವ ಸಣ್ಣ ಊರಲ್ಲಿ ಹುಟ್ಟಿದವರು. ಸಿನಿಮಾಕ್ಕೆ ಬರುವ ಮೊದಲು ಬಣ್ಣ, ಕುಂಚ ಹಿಡಿದಿದ್ದರು. ಚಿತ್ರಕಾರನ ಎದುರು ಕೂತವರು ಏನು ಮಾಡುತ್ತಾರೆ? ಸುಮ್ನೆ ಕೂರುತ್ತಾರೆ. ಅಳು ಬಂದವರ ಹಾಗೆ ಮುಖ ಮಾಡಿ ಅಂತ ಅವನು ಕೇಳುವುದಿಲ್ಲ. ಅವರಲ್ಲಿ ಇರುವುದನ್ನು ಅವನೇ ನೋಡಿ ತೆಗೆಯುತ್ತಾನೆ. ನನ್ನ ಪ್ರಕಾರ ಬ್ರೆಸನ್ ಸಿನಿಮಾದ ಕೀಲಿಕೈ ಇದೇ. ಸಂತ, ಮುನಿ ಅಂತೆಲ್ಲ ವಿಮರ್ಶಕರು ಬರೆಯುವುದು ಆಮೇಲಿನ ಮಾತು.

ಬಡಗಿಮಗ

ರೀಲುಪೆಟ್ಟಿಗೆ ಸರ್ ಹೇಳಿದ್ದು ಸರಿ. ಆದರೆ ಹೊಸಬರನ್ನು ‘ಪಿಕ್‌ಪಾಕೆಟ್’ನಿಂದ ಶುರು ಮಾಡಿಸಬಾರದು. ನೇರ ‘ಎ ಮ್ಯಾನ್ ಎಸ್ಕೇಪ್ಡ್’ ತೋರಿಸಬೇಕು. 1956ರದ್ದು.

ನಮ್ಮ ಅಪ್ಪ ಬಡಗಿ. ನಾನು ಕಂಪ್ಯೂಟರ್ ಮುಂದೆ ಕೂತು ಬೆನ್ನು ಹಾಳು ಮಾಡಿಕೊಂಡವನು. ಲಾಕ್‌ಡೌನ್‌ನಲ್ಲಿ ಊರಲ್ಲಿದ್ದಾಗ ಈ ಸಿನಿಮಾ ಹಾಕಿದ್ದೆ. ಅಪ್ಪನಿಗೆ ಫ್ರೆಂಚೂ ಬರುವುದಿಲ್ಲ, ಇಂಗ್ಲಿಷ್ ಸಬ್‌ಟೈಟಲ್ಲೂ ಓದಲಾಗುವುದಿಲ್ಲ. ಸುಮ್ನೆ ಹಾದು ಹೋಗುತ್ತಿದ್ದವರು ನಿಂತರು. ನಿಂತವರು ಕೂತರು.

ಯಾಕೆ ಅಂದರೆ ಅಲ್ಲಿ ಒಂದು ಬಾಗಿಲು ಇದೆ. ಫೋಂತೇನ್ ಅನ್ನುವ ಕೈದಿ. ಜಾಗ ಲಿಯೋಂ ನಗರದ ಮೊಂಲುಕ್ ಕೋಟೆ ಜೈಲು, ವರ್ಷ 1943, ಕಾವಲಿಗೆ ಜರ್ಮನ್ನರು. ಅವನ ಕೋಣೆಯ ಬಾಗಿಲು ಓಕ್ ಮರದ ಹಲಗೆಗಳದ್ದು. ನೋಡುತ್ತಾ ನೋಡುತ್ತಾ ಅವನಿಗೆ ಗೊತ್ತಾಗುತ್ತದೆ, ಹಲಗೆ ಮಾತ್ರ ಓಕ್, ಹಲಗೆಗಳನ್ನು ಕೂಡಿಸಿದ ಪಟ್ಟಿ ಮೆತ್ತನೆಯ ಮರ ಅಂತ. ಊಟದ ಕಬ್ಬಿಣದ ಚಮಚವನ್ನು ನೆಲಕ್ಕೆ ಉಜ್ಜಿ ಉಜ್ಜಿ ಉಳಿ ಮಾಡಿಕೊಳ್ಳುತ್ತಾನೆ. ಆ ಪಟ್ಟಿಯನ್ನು ದಿನಾ ಇಷ್ಟಿಷ್ಟೇ ಕೆತ್ತುತ್ತಾನೆ. ಉದುರಿದ ಪುಡಿ ಆಚೆ ಕಾಣದ ಹಾಗೆ ಬಾಚಿಕೊಳ್ಳುತ್ತಾನೆ. ಚಮಚ ಮುರಿಯುತ್ತದೆ. ಇನ್ನೊಂದು ಹುಡುಕುತ್ತಾನೆ.

ಅಪ್ಪ ಹೇಳಿದ್ದು ಎರಡೇ ಮಾತು. ಮೊದಲನೆಯದು, ‘ಇವನಿಗೆ ಮರ ಗೊತ್ತು.’ ಎರಡನೆಯದು ಚಮಚ ಮುರಿದಾಗ, ‘ಅಡ್ಡ ಹಾಕಿ ಎತ್ತಿದರೆ ಮುರಿಯದೆ ಇನ್ನೇನು?’ ಮುಖದಲ್ಲಿ ಭಾವನೆ ಇಲ್ಲ ಅನ್ನುವುದು ಅವರ ಗಮನಕ್ಕೇ ಬರಲಿಲ್ಲ. ಕೆಲಸ ಮಾಡುವವನ ಮುಖ ಹಾಗೇ ಇರುವುದು, ಅಲ್ವಾ? ಉಳಿ ಹಿಡಿದು ಕೂತಾಗ ಅಪ್ಪನ ಮುಖದಲ್ಲೂ ಏನೂ ಇರುವುದಿಲ್ಲ. ಎಲ್ಲ ಕೈಯಲ್ಲಿರುತ್ತದೆ.

ಇದು ನಡೆದ ಕಥೆ. ಆಂದ್ರೆ ದೆವಿನ್ಯಿ ಅನ್ನುವ ಸೈನಿಕ ಆ ಜೈಲಿನಿಂದ ನಿಜವಾಗಿ ತಪ್ಪಿಸಿಕೊಂಡಿದ್ದರು. ಚಿತ್ರಕ್ಕೆ ಅವರೇ ಸಲಹೆಗಾರರು. ಬ್ರೆಸನ್ ಕೂಡ 1940ರಲ್ಲಿ ಜರ್ಮನ್ನರ ಕೈಗೆ ಸಿಕ್ಕಿ ಯುದ್ಧಕೈದಿ ಆಗಿದ್ದವರು. ಸೆರೆ ಅಂದರೆ ಏನು ಅಂತ ಯಾರೂ ಅವರಿಗೆ ಹೇಳಿಕೊಡಬೇಕಿರಲಿಲ್ಲ.

ಚಂಡೆಮದ್ದಳೆ

ಬಡಗಿಮಗ ಅವರೇ, ನಿಮ್ಮ ತಂದೆಯವರ ಮಾತು ಬಹಳ ಇಷ್ಟ ಆಯಿತು. ಆದರೂ ನನ್ನ ತಕರಾರು ಇದೆ.

ನಾನು ಯಕ್ಷಗಾನದ ಮನೆಯಿಂದ ಬಂದವನು. ನಮ್ಮಲ್ಲಿ ಒಂದು ಪದ್ಯಕ್ಕೆ ಕಲಾವಿದ ಕಣ್ಣಲ್ಲೇ ಮೂರು ಅರ್ಥ ಹೇಳುತ್ತಾನೆ. ಮುಖ ಅನ್ನುವುದು ದೇವರು ಕೊಟ್ಟ ಉಪಕರಣ. ಅದನ್ನು ಬಳಸಬೇಡ, ತಲೆ ತಗ್ಗಿಸು, ಮಾತು ಸಪ್ಪೆಯಾಗಿ ಹೇಳು ಅನ್ನುವುದು ಊಟದ ಎಲೆ ಹಾಕಿ ಉಪ್ಪು ಒಂದೇ ಬಡಿಸಿದ ಹಾಗೆ. ಬಾಗಿಲು ಕೆತ್ತುವಾಗ ಸರಿ, ಕೆಲಸ ಇದೆ. ಪ್ರೀತಿ ಹೇಳುವಾಗಲೂ ಹಾಗೇ ಇದ್ದರೆ? ‘ಪಿಕ್‌ಪಾಕೆಟ್’ ಕೊನೆಯಲ್ಲಿ ಜೈಲಿನ ಸರಳಿನ ಆಚೆ ಈಚೆ ಮಿಶೆಲ್ ಮತ್ತು ಜಾನ್ ಅನ್ನುವ ಹುಡುಗಿ ಇಬ್ಬರೂ ನಿಂತು, ಓ ಜಾನ್, ನಿನ್ನನ್ನು ಸೇರಲು ನಾನು ಎಂಥ ವಿಚಿತ್ರ ದಾರಿ ಹಿಡಿಯಬೇಕಾಯಿತು ಅಂತಾನೆ. ಎಷ್ಟು ದೊಡ್ಡ ಮಾತು! ಅದನ್ನು ಹಾಲಿನ ಲೆಕ್ಕ ಹೇಳಿದ ಹಾಗೆ ಹೇಳಿಸಿದ್ದಾರೆ.

ರೀಲುಪೆಟ್ಟಿಗೆ

ಚಂಡೆಯವರೇ, ನೀವು ಕುಂದಾಪುರದ ಕಡೆಯವರಾ? ಹಾಗಿದ್ದರೆ ಉಪ್ಪಿನಕುದ್ರು ಗೊಂಬೆಯಾಟ ನೋಡಿಯೇ ಇರುತ್ತೀರಿ. ಗೊಂಬೆಯ ಮುಖ ಮರದಲ್ಲಿ ಕೆತ್ತಿದ್ದು. ಬೆಳಗಿನ ತನಕ ಹುಬ್ಬು ಅಲ್ಲಾಡುವುದಿಲ್ಲ. ಆದರೂ ರಾವಣ ತಲೆ ಬಾಗಿಸಿದರೆ ಅವನಿಗೆ ದುಃಖ ಆಗಿದೆ ಅಂತ ನಮಗೆ ಕಾಣುತ್ತದೆ. ಆ ದುಃಖ ಎಲ್ಲಿಂದ ಬಂತು? ನಾವು ಕೊಟ್ಟದ್ದು.

ಬ್ರೆಸನ್ ಮಾಡುವುದು ಹೆಚ್ಚುಕಡಿಮೆ ಅದನ್ನೇ. ಒಂದೇ ಸಾಲನ್ನು, ಒಂದೇ ನಡಿಗೆಯನ್ನು ಮತ್ತೆ ಮತ್ತೆ ಮಾಡಿಸುತ್ತಿದ್ದರು. ಹೇಳುವವರಿಗೆ ಅರ್ಥವೇ ಸವೆದು ಹೋಗಿ, ಬಾಯಿ ತಾನಾಗಿ ಹೇಳುವ ತನಕ. ಮಂತ್ರ ಹೇಳುವ ಭಟ್ಟರ ಹಾಗೆ ಅನ್ನಿ. ಆಗ ಉಳಿಯುವುದು ಆ ಮನುಷ್ಯನ ದನಿ, ಕತ್ತು, ನಡೆಯುವ ರೀತಿ. ಅದನ್ನು ಯಾರೂ ನಟಿಸಲು ಆಗುವುದಿಲ್ಲ.

1975ರಲ್ಲಿ ಅವರು ತಮ್ಮ ಟಿಪ್ಪಣಿಗಳನ್ನೆಲ್ಲ ಸೇರಿಸಿ ಒಂದು ಪುಟ್ಟ ಪುಸ್ತಕ ತಂದರು, ‘ನೋಟ್ಸ್ ಆನ್ ದ ಸಿನಿಮಾಟೊಗ್ರಾಫ್’. ಒಂದೊಂದು ಟಿಪ್ಪಣಿ ಒಂದೆರಡು ಸಾಲು. ಅದರಲ್ಲಿ ಎರಡು ಪದ ಬೇರೆ ಮಾಡುತ್ತಾರೆ. ಸಿನಿಮಾ ಅಂದರೆ ಅವರ ಲೆಕ್ಕದಲ್ಲಿ ಕ್ಯಾಮರಾ ಇಟ್ಟು ಹಿಡಿದ ನಾಟಕ. ಸಿನಿಮಾಟೊಗ್ರಾಫ್ ಅಂದರೆ ಚಲಿಸುವ ಚಿತ್ರ ಮತ್ತು ಸದ್ದುಗಳಲ್ಲಿ ಬರೆಯುವುದು. ನಾಟಕ ಕೆಟ್ಟದು ಅಂತಲ್ಲ. ಅದು ರಂಗದ ಮೇಲೆ ಇರಲಿ, ಇಲ್ಲಿ ಬೇಡ ಅಂತ.

ಚಂಡೆಮದ್ದಳೆ

ಗೊಂಬೆಯಾಟದ ಮಾತು ತೆಗೆದು ನನ್ನ ಬಾಯಿ ಕಟ್ಟಬೇಡಿ. ಗೊಂಬೆಗೆ ಮುಖ ಇಲ್ಲದಿದ್ದರೂ ಭಾಗವತರ ಹಾಡು ಇದೆ. ರಾವಣನ ದುಃಖ ಬಂದದ್ದು ಆ ಹಾಡಿನಿಂದ. ನಿಮ್ಮ ಬ್ರೆಸನ್ ಹಾಡನ್ನೂ ಕಿತ್ತುಕೊಂಡಿದ್ದಾರೆ! ಮುಖವೂ ಇಲ್ಲ, ಹಾಡೂ ಇಲ್ಲ.

ಕಿವಿಗೊಟ್ಟವ

ಈಗ ನನ್ನ ಸರದಿ. ನಾನು ಸೌಂಡ್ ಕೆಲಸ ಮಾಡುವವನು. ಚಂಡೆಯವರು ಗೊತ್ತಿಲ್ಲದೆ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ.

ಹಾಡನ್ನು ಕಿತ್ತುಕೊಂಡದ್ದು ನಿಜ, ಆದರೆ ಒಂದೇ ದಿನ ಅಲ್ಲ. ಶುರುವಿನ ಚಿತ್ರಗಳಲ್ಲಿ ಎಲ್ಲರ ಹಾಗೆ ಸಂಗೀತ ಇದೆ. ‘ಎ ಮ್ಯಾನ್ ಎಸ್ಕೇಪ್ಡ್’ನಲ್ಲಿ ಮೊಜಾರ್ಟನ ಚರ್ಚ್ ಸಂಗೀತದ ಒಂದು ತುಣುಕು ಬರುತ್ತದೆ. ಎಲ್ಲಿ ಗೊತ್ತಾ? ಕೈದಿಗಳು ಸಾಲಾಗಿ ಹೋಗಿ ತಮ್ಮ ತಮ್ಮ ಮಲದ ಬಕೆಟ್ ಖಾಲಿ ಮಾಡುವಾಗ. ಒಂದು ಕತ್ತೆಯ ಕಥೆಯಾದ ‘ಬಾಲ್ತಜಾರ್’ನಲ್ಲಿ ಶೂಬರ್ಟನ ಪಿಯಾನೋ. ಕೊನೆಕೊನೆಯ ಚಿತ್ರಗಳಿಗೆ ಬಂದರೆ ಹಿನ್ನೆಲೆ ಸಂಗೀತವೇ ಇಲ್ಲ. ಕಥೆಯೊಳಗೆ ಯಾರಾದರೂ ಪಿಯಾನೋ ನುಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಾಗಾದರೆ ಭಾಗವತರು ಯಾರು? ಸದ್ದು. ಅವರ ಪುಸ್ತಕದಲ್ಲಿ ಒಂದು ಟಿಪ್ಪಣಿ ಇದೆ. ಕಣ್ಣು ಮೇಲುಮೇಲಿನದು, ಕಿವಿ ಆಳದ್ದು, ಒಂದು ರೈಲಿನ ಸಿಳ್ಳೆ ಕೇಳಿದರೆ ಇಡೀ ಸ್ಟೇಷನ್ ನಮ್ಮೊಳಗೆ ಮೂಡುತ್ತದೆ ಅನ್ನುವ ಅರ್ಥದ್ದು. ಸದ್ದು ಕೆಲಸ ಮಾಡುವ ಕಡೆ ಚಿತ್ರವನ್ನು ತೆಗೆದುಬಿಡು ಅನ್ನುವುದು ಅವರ ಪಾಲಿಸಿ.

‘ಎ ಮ್ಯಾನ್ ಎಸ್ಕೇಪ್ಡ್’ ಶುರುವಾಗುವುದು ಕಾರಿನೊಳಗೆ. ಫೋಂತೇನ್‌ನ ಕೈ ಮೆಲ್ಲಗೆ ಬಾಗಿಲಿನ ಹಿಡಿ ಕಡೆ ಹೋಗುತ್ತದೆ. ವಾಪಸ್ ಬರುತ್ತದೆ. ಮತ್ತೆ ಹೋಗುತ್ತದೆ. ಕಾರು ನಿಧಾನ ಆದಾಗ ಅವನು ಹಾರುತ್ತಾನೆ. ಬೇರೆ ಯಾವ ನಿರ್ದೇಶಕ ಆಗಿದ್ದರೂ ಕ್ಯಾಮರಾ ಹೊತ್ತುಕೊಂಡು ಹಿಂದೆ ಓಡುತ್ತಿದ್ದ. ಇಲ್ಲಿ ಕ್ಯಾಮರಾ ಖಾಲಿ ಸೀಟಿನ ಮೇಲೇ ಕೂತಿದೆ. ಹೊರಗೆ ಓಡುವ ಸದ್ದು, ಕೂಗು, ಗುಂಡು. ಆಮೇಲೆ ಅವನನ್ನು ತಂದು ಮತ್ತೆ ಅದೇ ಸೀಟಿಗೆ ಕೂರಿಸುತ್ತಾರೆ. ಆ ಖಾಲಿ ಸೀಟು ನೋಡುತ್ತಾ ನಮ್ಮ ತಲೆಯೊಳಗೆ ಓಡಿದ ಬೀದಿಯನ್ನು ಯಾವ ಕ್ಯಾಮರಾವೂ ಹಿಡಿಯುವುದಿಲ್ಲ.

ಇನ್ನೂ ಇದೆ. ಕಾವಲುಗಾರ ಮೆಟ್ಟಿಲು ಇಳಿಯುವಾಗ ಕೀಲಿಯನ್ನು ಕಂಬಿಗೆ ತಾಗಿಸಿಕೊಂಡು ಬರುತ್ತಾನೆ. ಆ ಟಣಟಣ ಕೇಳಿದರೆ ಸಾಕು, ಉಳಿ ಬಚ್ಚಿಡಬೇಕು. ತಪ್ಪಿಸಿಕೊಳ್ಳುವ ರಾತ್ರಿ ಚಾವಣಿಯ ಮೇಲೆಲ್ಲ ಜಲ್ಲಿ. ಹೆಜ್ಜೆ ಇಟ್ಟರೆ ಕರಕರ. ಪಕ್ಕದಲ್ಲಿ ರೈಲು ಹಾದಾಗ ಮಾತ್ರ ಹೆಜ್ಜೆ ಇಡುತ್ತಾರೆ. ಕೊನೆಯ ಗೋಡೆಯ ಹತ್ತಿರ ಒಂದು ವಿಚಿತ್ರ ಕಿರಕಿರ ಸದ್ದು ಬರುತ್ತದೆ, ಅವರಿಗೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ. ಆಮೇಲೆ ನೋಡಿದರೆ ಕಾವಲುಗಾರ ಸೈಕಲ್ ಹೊಡೆಯುತ್ತಾ ಸುತ್ತು ಹಾಕುತ್ತಿದ್ದಾನೆ. ಎಣ್ಣೆ ಕಾಣದ ಸೈಕಲ್. ನನಗೆ ಗೊತ್ತಿರುವ ಅತ್ಯಂತ ಭಯಂಕರ ಸೈಕಲ್ ಅದು.

ಸಿನಿಮಾದ ಹೆಸರು ಬೇರೆ ನೋಡಿ. ಫ್ರೆಂಚ್‌ನಲ್ಲಿ ಅದರ ಅರ್ಥ ‘ಮರಣದಂಡನೆಯ ಕೈದಿ ತಪ್ಪಿಸಿಕೊಂಡ’ ಅಂತ. ಕ್ಲೈಮ್ಯಾಕ್ಸ್ ಪೋಸ್ಟರ್ ಮೇಲೇ ಬರೆದಿದ್ದಾರೆ. ಆದರೂ ಉಸಿರು ಬಿಗಿ ಹಿಡಿದು ಕೂರಬೇಕು.

ಮಲೆನಾಡ_ಮಳೆ

ಅಣ್ಣಾ, ನಟರಲ್ಲದವರನ್ನು ಹಾಕಿಕೊಳ್ಳುವುದರಲ್ಲಿ ಅಷ್ಟು ದೊಡ್ಡದೇನಿದೆ? ನಮ್ಮ ‘ತಿಥಿ’ಯಲ್ಲೂ ಮಂಡ್ಯ ಕಡೆಯ ಹಳ್ಳಿಯವರೇ ಇದ್ದರಲ್ಲ. ಅವರು ಎಷ್ಟು ಜೀವಂತವಾಗಿದ್ದರು!

ರೀಲುಪೆಟ್ಟಿಗೆ

ಅದು ಪೂರ್ತಿ ಉಲ್ಟಾ ದಾರಿ. ‘ತಿಥಿ’ಯವರು ನಮ್ಮ ಮುಂದೆ ತಮ್ಮ ಗತ್ತಿನಲ್ಲೇ ಬೈಯುತ್ತಾರೆ, ನಗುತ್ತಾರೆ. ಅವರ ಜೀವಂತಿಕೆಯೇ ಚಿತ್ರಕ್ಕೆ ಬೇಕು. ಬ್ರೆಸನ್ ಆ ಗತ್ತನ್ನೂ ಬಿಡಿಸಿಬಿಡುತ್ತಾರೆ. ಇನ್ನೊಂದು ವಿಷಯ, ಒಮ್ಮೆ ಬಳಸಿದವರನ್ನು ಮತ್ತೆ ಕರೆಯುತ್ತಿರಲಿಲ್ಲ, ಅವರು ಆಗಲೇ ಸ್ವಲ್ಪ ನಟರಾಗಿರುತ್ತಾರೆ ಅಂತ. ಜಾನ್-ಕ್ಲೋದ್ ಗಿಲ್ಬೇರ್ ಒಂದು ಅಪವಾದ. ‘ಬಾಲ್ತಜಾರ್’ನಲ್ಲಿ ಕುಡುಕ, 1967ರ ‘ಮೂಶೆತ್’ನಲ್ಲಿ ಕಳ್ಳಬೇಟೆಗಾರ.

ಕಡಲಾಚೆ_ಕನ್ನಡಿ

ಭಾರತದ ನಂಟು ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕುಮಾರ್ ಶಹಾನಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಮುಗಿಸಿ ಪ್ಯಾರಿಸ್‌ಗೆ ಓದಲು ಹೋಗಿದ್ದರು. ಅಲ್ಲಿ ಬ್ರೆಸನ್ ಅವರ 1969ರ ‘ಊನ್ ಫಾಮ್ ದೂಸ್’ ಚಿತ್ರಕ್ಕೆ ಸಹಾಯಕರಾಗಿ ಕೆಲಸ ಮಾಡಿದರು. ಬ್ರೆಸನ್‌ರ ಮೊದಲ ಬಣ್ಣದ ಚಿತ್ರ ಅದು. ದೊಸ್ತೊಯೆವ್‌ಸ್ಕಿಯ ಸಣ್ಣಕಥೆ. ವಾಪಸ್ ಬಂದು ಶಹಾನಿ 1972ರಲ್ಲಿ ‘ಮಾಯಾ ದರ್ಪಣ್’ ಮಾಡಿದರು. 2024ರಲ್ಲಿ ತೀರಿಕೊಂಡರು.

ಮಣಿ ಕೌಲ್ ಇನ್ನೊಬ್ಬರು. ಅವರ ‘ಉಸ್ಕೀ ರೋಟಿ’ ನೋಡಿದರೆ ಹೇಳುವುದೇ ಬೇಡ, ಕೈಗಳನ್ನು ಇಟ್ಟಿರುವ ರೀತಿ, ಮಾತಿನ ಸಪಾಟು ದನಿ, ಎಲ್ಲದರಲ್ಲೂ ಬ್ರೆಸನ್ ಇದ್ದಾರೆ. ಅದನ್ನು ಅವರು ಮುಚ್ಚಿಡಲೂ ಇಲ್ಲ. ಮುಂದೆ ಅದೇ ದೊಸ್ತೊಯೆವ್‌ಸ್ಕಿ ಕಥೆಯನ್ನು ‘ನಜರ್’ ಅಂತ ತಮ್ಮದೇ ರೀತಿಯಲ್ಲಿ ಮಾಡಿದರು. ಆದರೆ ಮಣಿ ಕೌಲ್ ಧ್ರುಪದ್ ಕಲಿತವರು. ಬ್ರೆಸನ್‌ನಲ್ಲಿ ಕತ್ತರಿಸಿದ ಹಾಗೆ ನಿಲ್ಲುವ ಶಾಟ್ ಅವರಲ್ಲಿ ಆಲಾಪದ ಹಾಗೆ ಎಳೆದುಕೊಂಡು ಹೋಗುತ್ತದೆ. ಚಂಡೆಯವರೇ, ನಿಮಗೆ ಬಹುಶಃ ಇವರು ಹಿಡಿಸಬಹುದು.

ಹೊರಗಿನವರಲ್ಲಿ ರಷ್ಯಾದ ನಿರ್ದೇಶಕ ತಾರ್ಕೊವ್‌ಸ್ಕಿ ತಮ್ಮ ಇಷ್ಟದ ಹತ್ತು ಚಿತ್ರಗಳ ಪಟ್ಟಿಯಲ್ಲಿ ಮೊದಲು ಬರೆದದ್ದು ಆ ಪಾದ್ರಿಯ ಚಿತ್ರವನ್ನು. ಅಮೆರಿಕದ ನಿರ್ದೇಶಕ ಪಾಲ್ ಶ್ರೇಡರ್ ಅಂತೂ ಓಜು, ಬ್ರೆಸನ್, ಡ್ರೆಯರ್ ಮೂವರು ನಿರ್ದೇಶಕರ ಮೇಲೆ 1972ರಲ್ಲಿ ಒಂದು ಪುಸ್ತಕ ಬರೆದು, ಆಮೇಲೆ ತಮ್ಮ ‘ಅಮೆರಿಕನ್ ಜಿಗೊಲೋ’ಗೆ ‘ಪಿಕ್‌ಪಾಕೆಟ್’ನ ಜೈಲಿನ ಕೊನೆಯನ್ನೇ ಎತ್ತಿಟ್ಟರು.

ನೀಲಿಛತ್ರಿ

ಎಲ್ಲರೂ ಹೊಗಳುತ್ತಿದ್ದೀರಿ. ಒಂದು ಕಹಿ ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ.

‘ಬಾಲ್ತಜಾರ್’ನಲ್ಲಿ ಮರಿ ಅನ್ನುವ ಹುಡುಗಿಯ ಪಾತ್ರ ಮಾಡಿದ ಆನ್ ವಿಯಾಜೆಮ್‌ಸ್ಕಿಗೆ ಆಗ 18 ವರ್ಷ. ಲೇಖಕ ಫ್ರಾನ್ಸ್ವಾ ಮೊರಿಯಾಕ್ ಅವರ ಮೊಮ್ಮಗಳು. ಆಮೇಲೆ ನಿರ್ದೇಶಕ ಗೊದಾರ್ ಅವರನ್ನು ಮದುವೆಯಾದವರು, ಸ್ವತಃ ಲೇಖಕಿ. 2007ರಲ್ಲಿ ಆ ಚಿತ್ರೀಕರಣದ ದಿನಗಳ ಬಗ್ಗೆ ಅವರು ಒಂದು ಪುಸ್ತಕ ಬರೆದರು. ಕಾದಂಬರಿ ಅನ್ನುವ ಹೆಸರಿನಲ್ಲಿ ಬಂದ ನೆನಪುಗಳು. ಅದರಲ್ಲಿ ಬ್ರೆಸನ್ ಅವರನ್ನು ತನ್ನ ಪಕ್ಕದಿಂದ ಅಲುಗಾಡಲು ಬಿಡುತ್ತಿರಲಿಲ್ಲ, ಬೇರೆಯವರ ಜೊತೆ ಬೆರೆತರೆ ಅಸೂಯೆ ಪಡುತ್ತಿದ್ದರು, ಮುತ್ತಿಡಲು ಬಂದರು, ಆಕೆ ತಡೆದರು ಅಂತೆಲ್ಲ ಇದೆ. ಬ್ರೆಸನ್‌ಗೆ ಆಗ ಅರವತ್ತು ದಾಟಿತ್ತು.

ಮಾಡೆಲ್ ಅನ್ನುವ ಪದವನ್ನು ಮೇಲೆ ಚೆಂದವಾಗಿ ವಿವರಿಸಿದ್ದಾರೆ. ನನಗೆ ಅದೇ ಪದ ಚುಚ್ಚುತ್ತದೆ. ವೃತ್ತಿನಟಿ ಆಗಿದ್ದರೆ ಇಲ್ಲ ಸರ್ ಅನ್ನುತ್ತಾಳೆ, ಬೇರೆ ಸಿನಿಮಾ ಇದೆ ಅನ್ನುತ್ತಾಳೆ. ಏನೂ ಗೊತ್ತಿಲ್ಲದ ಹುಡುಗಿಗೆ ಯಾಕೆ ಅಂತಲೂ ಹೇಳದೆ, ಕಣ್ಣು ಕೆಳಗೆ, ಮತ್ತೆ ಮಾಡು, ಮತ್ತೆ ಮಾಡು ಅನ್ನುವುದರಲ್ಲಿ ಕಲೆ ಎಷ್ಟು, ಯಜಮಾನಿಕೆ ಎಷ್ಟು?

ರೀಲುಪೆಟ್ಟಿಗೆ

ನೀಲಿಛತ್ರಿ ಮೇಡಂ, ಇದಕ್ಕೆ ನನ್ನ ಹತ್ತಿರ ಜಾಣ ಉತ್ತರ ಇಲ್ಲ. ಅದೇ ಪುಸ್ತಕದಲ್ಲಿ ಆಕೆಗೆ ಅವರ ಮೇಲಿದ್ದ ಅಕ್ಕರೆಯೂ ಕಾಣುತ್ತದೆ. ಆ ಬೇಸಿಗೆ ತನ್ನ ಬದುಕನ್ನೇ ಬದಲಿಸಿತು ಅನ್ನುವುದೂ ಇದೆ. ಆದರೆ ಒಂದಕ್ಕೆ ಇನ್ನೊಂದು ವಜಾ ಆಗುವುದಿಲ್ಲ.

‘ಜೋನ್ ಆಫ್ ಆರ್ಕ್ ವಿಚಾರಣೆ’ಯಲ್ಲಿ ಜೋನ್ ಆದ ಫ್ಲಾರೆನ್ಸ್ ದಲೇ ಮುಂದೆ ಲೇಖಕಿಯಾಗಿ ಫ್ರೆಂಚ್ ಅಕಾಡೆಮಿಯ ಸದಸ್ಯೆ ಆದರು. ಮಿಶೆಲ್ ಆದ ಮಾರ್ಟಿನ್ ಲಾಸಾಲ್ ಮೆಕ್ಸಿಕೋಗೆ ಹೋಗಿ ನಟರೇ ಆಗಿಬಿಟ್ಟರು. ಫೋಂತೇನ್ ಆದ ಫ್ರಾನ್ಸ್ವಾ ಲೆತೆರಿಯೇ ತಾವೇ ನಿರ್ದೇಶಕರಾದರು. ಇವರಲ್ಲಿ ಯಾರೂ ಗೊಂಬೆಗಳಲ್ಲ. ಹಾಗಂತ ಶೂಟಿಂಗ್ ದಿನಗಳಲ್ಲಿ ದಾರ ಯಾರ ಕೈಯಲ್ಲಿತ್ತು ಅನ್ನುವ ನಿಮ್ಮ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ, ಒಪ್ಪುತ್ತೇನೆ.

ನೀಲಿಛತ್ರಿ

ಅಷ್ಟು ಒಪ್ಪಿದರೆ ಸಾಕು. ಸಿನಿಮಾ ನೋಡಬೇಡಿ ಅಂತ ನಾನೂ ಹೇಳುತ್ತಿಲ್ಲ. ‘ಮೂಶೆತ್’ ನೋಡಿ ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ ನಾನು.

ಸುಮ್ನೆ_ನೋಡುವವ

ಅಬ್ಬಾ, ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ವರದಿ ಒಪ್ಪಿಸುತ್ತೇನೆ.

ಬುಧವಾರ ‘ಎ ಮ್ಯಾನ್ ಎಸ್ಕೇಪ್ಡ್’ ನೋಡಿದೆ, ಹೆಡ್‌ಫೋನ್ ಹಾಕಿಕೊಂಡು. ಗಡಿಯಾರ ನೋಡಲಿಲ್ಲ. ಸೈಕಲ್ ಬಂದಾಗ ನನ್ನ ಕೈ ತಣ್ಣಗಾಗಿತ್ತು. ಒಂದು ಕಡೆ ಕಾವಲುಗಾರನನ್ನು ಕೊಲ್ಲಬೇಕು. ಫೋಂತೇನ್ ಗೋಡೆಯ ಮೂಲೆ ದಾಟಿ ಆಚೆ ಹೋಗುತ್ತಾನೆ. ನಮಗೆ ಕಾಣುವುದು ಗೋಡೆ ಮಾತ್ರ. ಅಷ್ಟೇ. ಅವನು ವಾಪಸ್ ಬಂದಾಗ ಮುಖದಲ್ಲಿ ಏನೂ ಇಲ್ಲ, ಆದರೆ ನಾನು ಆ ಮುಖದಲ್ಲಿ ಏನೇನೋ ಓದುತ್ತಿದ್ದೆ. ಅಲ್ಲಿ ನಿಮ್ಮ ಗೊಂಬೆಯಾಟ ನೆನಪಾಯಿತು.

ಮುಂದೆ ಯಾವುದು?

ಬಡಗಿಮಗ

‘ಲಾರ್ಜಾಂ’. ಅಂದರೆ ದುಡ್ಡು. 1983, ಕೊನೆಯ ಚಿತ್ರ. ಟಾಲ್‌ಸ್ಟಾಯ್ ಕಥೆ.

ಕಿವಿಗೊಟ್ಟವ

ಹೌದು, ಆದರೆ ಎಚ್ಚರ, ಅದು ಬಹಳ ಕ್ರೂರ. ಶಾಲೆ ಹುಡುಗರು ಒಂದು ಖೋಟಾ ನೋಟನ್ನು ಫೋಟೋ ಅಂಗಡಿಯಲ್ಲಿ ಸಾಗಹಾಕುತ್ತಾರೆ. ಅಂಗಡಿಯವರು ಅದನ್ನು ತೈಲ ತುಂಬಿಸಲು ಬಂದ ಈವೋನ್ ಅನ್ನುವ ಕೆಲಸಗಾರನಿಗೆ ದಾಟಿಸುತ್ತಾರೆ. ಅವನು ಸಿಕ್ಕಿಬೀಳುತ್ತಾನೆ. ಅಲ್ಲಿಂದ ಕೆಲಸ, ಮಗು, ಹೆಂಡತಿ, ಒಂದೊಂದೇ ಹೋಗುತ್ತವೆ. ಕೊನೆಗೆ ಕೊಡಲಿ.

ಆದರೆ ಹೊಡೆತ ಎಲ್ಲೂ ತೋರಿಸುವುದಿಲ್ಲ. ಒಬ್ಬ ಮುದುಕಿ ಕಾಫಿ ಬಟ್ಟಲು ಹಿಡಿದು ಬರುತ್ತಾಳೆ. ಅವಳ ಅಪ್ಪ ಕೆನ್ನೆಗೆ ಬಾರಿಸುತ್ತಾನೆ. ನಮಗೆ ಕಾಣುವುದು ಬಟ್ಟಲಿನಿಂದ ಅವಳ ಕೈ ಮೇಲೆ ಚೆಲ್ಲಿದ ಕಾಫಿ. ಅವಳು ಬಟ್ಟಲು ಬಿಡುವುದಿಲ್ಲ. ಇನ್ನೊಂದು ಕಡೆ, ಜೈಲಿನ ಊಟದ ಮನೆಯಲ್ಲಿ ಈವೋನ್ ದೊಡ್ಡ ಜಾಲರಿ ಸೌಟು ಎತ್ತುತ್ತಾನೆ. ಹೊಡೆಯುವುದಿಲ್ಲ. ಅದು ನೆಲದ ಮೇಲೆ ಜಾರಿಕೊಂಡು ಹೋಗಿ ಗೋಡೆಗೆ ಬಡಿಯುತ್ತದೆ. ಆ ಸದ್ದಿಗೆ ನಾನು ಸಂಬಳ ಕೊಟ್ಟಾದರೂ ಆ ರೆಕಾರ್ಡಿಸ್ಟ್ ಹತ್ತಿರ ಕೆಲಸಕ್ಕೆ ಸೇರುತ್ತಿದ್ದೆ.

ಕಾನ್ ಉತ್ಸವದಲ್ಲಿ ಆ ವರ್ಷ ಬ್ರೆಸನ್‌ಗೂ ತಾರ್ಕೊವ್‌ಸ್ಕಿಗೂ ಹಂಚಿ ಒಂದು ಪ್ರಶಸ್ತಿ ಕೊಟ್ಟರು. ವೇದಿಕೆಯಲ್ಲಿ ಕೊಟ್ಟವರು ಅಮೆರಿಕದ ನಿರ್ದೇಶಕ ಆರ್ಸನ್ ವೆಲ್ಸ್. ಬ್ರೆಸನ್‌ಗೆ 81 ವರ್ಷ. ಸಭೆಯಲ್ಲಿ ಅರ್ಧ ಜನ ಚಪ್ಪಾಳೆ, ಅರ್ಧ ಜನ ಕೂಗಾಟ. ಆಮೇಲೆ 16 ವರ್ಷ ಬದುಕಿದ್ದರು, ಇನ್ನೊಂದು ಸಿನಿಮಾ ಆಗಲಿಲ್ಲ. 1999ರ ಡಿಸೆಂಬರ್‌ನಲ್ಲಿ ಹೋದರು. ಬೈಬಲ್ಲಿನ ಸೃಷ್ಟಿಯ ಕಥೆ ಮಾಡಬೇಕು ಅಂತ ಎಷ್ಟೋ ವರ್ಷದ ಆಸೆ ಇತ್ತು, ಅದೂ ಆಗಲಿಲ್ಲ. 40 ವರ್ಷದಲ್ಲಿ ಒಟ್ಟು 13 ಪೂರ್ಣ ಚಿತ್ರಗಳು, ಅದಕ್ಕೂ ಮೊದಲು 1934ರಲ್ಲಿ ಒಂದು ಕಿರು ಹಾಸ್ಯಚಿತ್ರ. ಹಾಸ್ಯ! ನಂಬುತ್ತೀರಾ?

ಮಲೆನಾಡ_ಮಳೆ

ದುಡ್ಡು, ಕೊಡಲಿ ಎಲ್ಲ ಬೇಡ ಅಣ್ಣಾ. ಕತ್ತೆ ನೋಡಿ, ಕತ್ತೆ.

ಸುಮ್ನೆ_ನೋಡುವವ

ಕತ್ತೆ ನೋಡಿದೆ. ‘ಒ ಅಜಾರ್ ಬಾಲ್ತಜಾರ್’, 1966.

ಮನೆಯಲ್ಲಿ ನೋಡಿದ್ದರಿಂದ ಅಮ್ಮನೂ ಇದ್ದರು. ಟಿವಿ ಮುಂದೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಶುರುವಿನಲ್ಲೇ ಹೆಸರುಗಳು ಬರುವಾಗ ಪಿಯಾನೋ ನಡೆಯುತ್ತಿರುತ್ತದೆ, ಮಧ್ಯದಲ್ಲಿ ಕತ್ತೆ ಅರಚುತ್ತದೆ. ಟಿವಿ ಕೆಟ್ಟಿತಾ ಅಂದರು.

ಕಥೆ ಅಂತ ಹೇಳಿದರೆ ಒಂದು ಕತ್ತೆ ಕೈಯಿಂದ ಕೈಗೆ ಹೋಗುವುದು. ಮಕ್ಕಳು ಅದಕ್ಕೆ ಆಟಕ್ಕೆ ಹೆಸರಿಡುತ್ತಾರೆ. ಆಮೇಲೆ ಬ್ರೆಡ್ ಮಾರುವವರ ಮನೆ, ಕುಡುಕ, ಸರ್ಕಸ್, ಜಿಪುಣ ಧಾನ್ಯ ವ್ಯಾಪಾರಿ. ಬಾಲಕ್ಕೆ ಕಾಗದ ಕಟ್ಟಿ ಬೆಂಕಿ ಹಚ್ಚುವ ಪುಂಡರು. ಪಕ್ಕದಲ್ಲೇ ಮರಿ ಅನ್ನುವ ಹುಡುಗಿಯ ಬದುಕೂ ಹಾಗೇ ಕೈಯಿಂದ ಕೈಗೆ. ‘ಪಿಕ್‌ಪಾಕೆಟ್’ನಲ್ಲಿ ಪರ್ಸು ಹೋದ ಹಾಗೆ, ‘ಲಾರ್ಜಾಂ’ನಲ್ಲಿ ನೋಟು ಹೋಗುತ್ತದೆ ಅಂತ ನೀವು ಹೇಳಿದ ಹಾಗೆ. ಈ ಮನುಷ್ಯ ಇಡೀ ಜೀವನ ಕೈಯಿಂದ ಕೈಗೆ ಹೋಗುವುದನ್ನೇ ನೋಡುತ್ತಿದ್ದನಾ ಅನ್ನಿಸಿತು.

ಸರ್ಕಸ್‌ನಲ್ಲಿ ಒಂದು ಜಾಗ ಇದೆ. ಕತ್ತೆಯನ್ನು ಬೋನುಗಳ ಮುಂದೆ ತಂದು ನಿಲ್ಲಿಸುತ್ತಾರೆ. ಹುಲಿ ಅದನ್ನು ನೋಡುತ್ತದೆ, ಅದು ಹುಲಿಯನ್ನು ನೋಡುತ್ತದೆ. ಆಮೇಲೆ ಕರಡಿ, ಕೋತಿ, ಆನೆ. ಯಾರ ಮುಖದಲ್ಲೂ ಏನೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಅಮ್ಮ ಅವರೆಕಾಯಿ ನಿಲ್ಲಿಸಿ ನೋಡುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು, ‘ಇದರಲ್ಲಿ ಕತ್ತೆ ಒಂದೇ ಸರಿಯಾಗಿ ಮಾಡಿರುವುದು’ ಅಂದರು. ಚಂಡೆಯವರೇ, ನಿಮ್ಮ ಪಕ್ಷಕ್ಕೆ ಒಂದು ಓಟು ಬಿತ್ತು ಅಂದುಕೊಂಡೆ. ಆಮೇಲೆ ಯೋಚಿಸಿದರೆ, ಬಿದ್ದದ್ದು ಯಾರ ಪಕ್ಷಕ್ಕೆ ಅಂತ ಗೊತ್ತಾಗುತ್ತಿಲ್ಲ.

ಚಂಡೆಮದ್ದಳೆ

ಹ್ಹ ಹ್ಹ. ಇದು ಟೈ ಅಂತ ಬರೆದುಕೊಳ್ಳಿ. ಆ ಕತ್ತೆ ಸರ್ಕಸ್ಸಿನ ಕತ್ತೆ ಅಲ್ಲ, ಪಳಗಿಸದ ಕತ್ತೆ ಅಂತ ನಾನೂ ಓದಿದ್ದೇನೆ. ಅದಕ್ಕೆ ತಲೆ ತಗ್ಗಿಸು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ಗುಟ್ಟು ಹೇಳುತ್ತೇನೆ. ಇಷ್ಟು ಜಗಳ ಆಡಿದ ಮೇಲೆ ನಿನ್ನೆ ‘ಲಾನ್ಸೆಲೋ’ ಹಾಕಿದೆ, 1974ರದ್ದು. ಆರ್ಥರ್ ರಾಜನ ವೀರರ ಕಥೆ. ಪಂದ್ಯ ನಡೆಯುವಾಗ ಕುದುರೆಯ ಕಾಲು, ಈಟಿ, ಬಾವುಟ ಇಷ್ಟೇ ತೋರಿಸುತ್ತಾರೆ. ನಡೆದರೆ, ಕೂತರೆ, ಪ್ರೀತಿ ಮಾಡಲು ಹೋದರೆ ಎಲ್ಲಕ್ಕೂ ಆ ಕಬ್ಬಿಣದ ಕವಚದ ಗಲಗಲ. ನಮ್ಮ ಚೌಕಿಯಲ್ಲಿ ವೇಷ ಕಟ್ಟಿಕೊಂಡವರು ರಂಗಕ್ಕೆ ಹೋಗುವ ಮೊದಲು ಸುಮ್ನೆ ಓಡಾಡುತ್ತಾರಲ್ಲ, ಗೆಜ್ಜೆ ಸದ್ದು ಮಾತ್ರ ಕೇಳುತ್ತಿರುತ್ತದಲ್ಲ, ಅದು ನೆನಪಾಯಿತು. ಮುಖದ ವಿಷಯದಲ್ಲಿ ನನ್ನ ಮಾತು ಹಾಗೇ ಇದೆ.

ಕಿವಿಗೊಟ್ಟವ

ಸುಮ್ನೆಯವರೇ, ಕೊನೆ ನೋಡಿದಿರಾ? ಕತ್ತೆಯ ಕೊನೆ?

ಸುಮ್ನೆ_ನೋಡುವವ

ನೋಡಿದೆ. ಕಳ್ಳಸಾಗಣೆ ಮಾಡುವ ಹುಡುಗರು ಅದರ ಮೇಲೆ ಸಾಮಾನು ಹೇರಿ ರಾತ್ರಿ ಗಡಿ ದಾಟಿಸಲು ಹೋಗುತ್ತಾರೆ. ಕತ್ತಲಲ್ಲಿ ಗುಂಡು ಹಾರುತ್ತದೆ. ಹುಡುಗರು ಓಡಿಹೋಗುತ್ತಾರೆ. ಬೆಳಗ್ಗೆ ಕತ್ತೆ ಗುಡ್ಡದ ಹುಲ್ಲಿನ ಮೇಲೆ ನಿಂತಿದೆ, ಕಾಲಲ್ಲಿ ರಕ್ತ. ಕುರಿಮಂದೆ ಬಂದು ಸುತ್ತ ನಿಲ್ಲುತ್ತದೆ. ಕುರಿಗಳ ಕೊರಳಿನ ಗಂಟೆ. ಅದು ಮೆಲ್ಲಗೆ ಕೂರುತ್ತದೆ.

ಅಮ್ಮ ಆಗ ಅಡುಗೆಮನೆಯಲ್ಲಿದ್ದರು. ಒಗ್ಗರಣೆ ಹಾಕಬೇಕು ಅಂತ ಗುಂಡಿನ ಸದ್ದು ಆದ ಮೇಲೆ ಎದ್ದು ಹೋಗಿದ್ದರು. ಟಿವಿ ಅಲ್ಲಿಗೆ ಕಾಣುವುದಿಲ್ಲ. ನಾನು ಏನೂ ಹೇಳಿರಲಿಲ್ಲ. ಗಂಟೆ ಸದ್ದು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಅಲ್ಲಿಂದಲೇ ‘ಹೋಯ್ತಾ?’ ಅಂದರು.

ಕಿವಿಗೊಟ್ಟವ

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ನಮ್ಮ ಸ್ಟುಡಿಯೋದಲ್ಲಿ ಒಂದು ಕುರ್ಚಿ ಖಾಲಿ ಇದೆ ಅಂತಲೂ ಹೇಳಿ.